‘ಊಟ ಆಯ್ತಾ’ ಅಂತ ಕೇಳಿದರೆ ಮೆನು ಒಪ್ಪಿಸಬೇಡಿ: ಗುವಾಂಗ್‌ಝೌಗೆ ಹೊರಟವರಿಗೆ

ಲಿಫ್ಟಿನಲ್ಲಿ ಸಿಕ್ಕ ಪಕ್ಕದ ಮನೆ ಅಜ್ಜಿ ‘ಸಿಕ್ ಜೊ ಫಾನ್ ಮೇ?’ ಅಂತ ಕೇಳಿದರು. ಅಂದರೆ ‘ಊಟ ಆಯ್ತಾ?’. ನನ್ನ ಜೊತೆಗಿದ್ದ ಡಚ್ ಸಹೋದ್ಯೋಗಿ ಫೋನಿನಲ್ಲಿ ಅನುವಾದದ ಆಪ್ ತೆಗೆದ. ಬೆಳಿಗ್ಗೆ ಎರಡು ಬ್ರೆಡ್ಡು, ಒಂದು ಮೊಟ್ಟೆ ತಿಂದಿದ್ದೇನೆ, ಮಧ್ಯಾಹ್ನಕ್ಕೆ ಇನ್ನೂ ಏನೂ ತಿಂದಿಲ್ಲ, ಕರೆದರೆ ಖಂಡಿತ ಬರುತ್ತೇನೆ ಅಂತ ಪೂರ್ತಿ ವರದಿ ಒಪ್ಪಿಸಿದ. ಅಜ್ಜಿ ಕಕ್ಕಾಬಿಕ್ಕಿ. ನಾನು ‘ಸಿಕ್ ಜೊ’, ಆಯ್ತು, ಅಂದೆ. ಅವರು ತಲೆಯಾಡಿಸಿ ಇಳಿದುಹೋದರು. ನಿಜ ಹೇಳಬೇಕೆಂದರೆ ನನ್ನದೂ ಊಟ ಆಗಿರಲಿಲ್ಲ. ಆದರೆ ಅದು ಪ್ರಶ್ನೆಯೇ ಅಲ್ಲ ಅನ್ನೋದನ್ನ ಹಾಸನದಲ್ಲಿ ಬೆಳೆದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ದಕ್ಷಿಣ ಚೀನಾದ ಗುವಾಂಗ್‌ಝೌ ಅಂದರೆ ಹಳೆಯ ಕ್ಯಾಂಟನ್. ಆ ಹೆಸರಿನಿಂದಲೇ ಅಲ್ಲಿನ ಭಾಷೆಗೂ ಅಡುಗೆಗೂ ಕ್ಯಾಂಟೊನೀಸ್ ಅನ್ನೋ ಹೆಸರು. ಬೆಂಗಳೂರಿನ ಕಡೆಯಿಂದ ವ್ಯಾಪಾರಕ್ಕೆ ಹೋಗುವವರಿಗೆ ಈ ಊರು ಹೊಸದಲ್ಲ, 1957ರಿಂದ ವರ್ಷಕ್ಕೆರಡು ಸಲ, ಏಪ್ರಿಲ್ ಹೊತ್ತಿಗೊಮ್ಮೆ ಅಕ್ಟೋಬರ್ ಹೊತ್ತಿಗೊಮ್ಮೆ, ಕ್ಯಾಂಟನ್ ಫೇರ್ ಅನ್ನೋ ದೊಡ್ಡ ವ್ಯಾಪಾರ ಮೇಳ ನಡೆಯುತ್ತದೆ. ನಾವೂ ಏಪ್ರಿಲ್‌ನಲ್ಲಿ ಅದಕ್ಕೇ ಹೋಗಿದ್ದು. ಮೂರು ವಾರ ಬಾಡಿಗೆ ಫ್ಲ್ಯಾಟಿನಲ್ಲಿದ್ದೆವು. ಮೇಳದಲ್ಲಿ ನೋಡಿದ ಯಂತ್ರಗಳ ವಿಷಯ ಬಿಡಿ, ಇದು ಊಟದ ಮೇಜಿನ ಬಗ್ಗೆ. ನಿಮ್ಮ ಜೊತೆ ಯುರೋಪಿನವರೋ ಅಮೆರಿಕದವರೋ ಬರುತ್ತಿದ್ದರೆ ಅವರಿಗೆ ಮೊದಲೇ ಓದಿ ಹೇಳಿಬಿಡಿ. ಅರ್ಧ ವಿಷಯ ನಮಗೆ ಗೊತ್ತಿರುವುದೇ, ಅವರಿಗೆ ಗೊತ್ತಿರುವುದಿಲ್ಲ. ಇನ್ನರ್ಧದಲ್ಲಿ ನಾವೂ ಎಡವುತ್ತೇವೆ. ನಾನು ಎಡವಿದ್ದೇನೆ.

ಹೊರಡುವ ಮೊದಲು

ಇದನ್ನು ಬೇಗ ಮುಗಿಸುತ್ತೇನೆ. ನಮಗೆ ವೀಸಾ ಬೇಕೇ ಬೇಕು. ದುಡ್ಡು ಕೊಡೋಕೆ ಅಲಿಪೇ ಅನ್ನೋ ಆಪ್ ಹಾಕಿಕೊಂಡು ನಿಮ್ಮ ವೀಸಾ ಕಾರ್ಡನ್ನೋ ಮಾಸ್ಟರ್‌ಕಾರ್ಡನ್ನೋ ಊರಿನಲ್ಲೇ ಜೋಡಿಸಿ, ಓಟಿಪಿ ಬರುವ ಸಿಮ್ ಕೈಯಲ್ಲಿರುವಾಗಲೇ. ತರಕಾರಿ ಅಂಗಡಿಯಿಂದ ಟ್ಯಾಕ್ಸಿವರೆಗೆ ಎಲ್ಲ ಫೋನಿನಲ್ಲೇ ನಡೆಯುತ್ತದೆ. ಗೂಗಲ್, ವಾಟ್ಸಾಪ್ ಅಲ್ಲಿ ಹಾಗೇ ತೆರೆಯಲ್ಲ, ಅದಕ್ಕೆ ಅನುವಾದದ ಆಪ್‌ನಲ್ಲಿ ಚೀನೀ ಭಾಷೆಯನ್ನು ಮೊದಲೇ ಇಳಿಸಿಕೊಂಡಿರಿ. ಅಷ್ಟೇ.

ನಾಲ್ಕು ಮಾತು ಕಲಿಯಿರಿ

ಗುವಾಂಗ್‌ಝೌನಲ್ಲಿ ಹೊರಗಿನಿಂದ ಬಂದು ನೆಲೆಸಿದವರು ತುಂಬಾ ಜನ. ಹಾಗಾಗಿ ಚೀನಾದ ಅಧಿಕೃತ ಭಾಷೆ ಮ್ಯಾಂಡರಿನ್ ಎಲ್ಲ ಕಡೆ ನಡೆಯುತ್ತದೆ. ಆದರೆ ಹಳೇ ಬಡಾವಣೆಯ ಅಜ್ಜ ಅಜ್ಜಿಯರ ಎದುರು ಎರಡು ಕ್ಯಾಂಟೊನೀಸ್ ಮಾತಾಡಿ ನೋಡಿ. ಬೆಂಗಳೂರಿನಲ್ಲಿ ಬಿಳಿಯನೊಬ್ಬ ‘ಚೆನ್ನಾಗಿದ್ದೀರಾ’ ಅಂದರೆ ಆಟೋದವರ ಮುಖ ಹೇಗಾಗುತ್ತದೋ ಹಾಗೆ.

ಥ್ಯಾಂಕ್ಸ್ ಹೇಳೋಕೆ ಇಲ್ಲಿ ಎರಡು ಮಾತಿದೆ. ಬಾಗಿಲು ಹಿಡಿದರೆ, ಚಹಾ ಹಾಕಿದರೆ, ದಾರಿ ಬಿಟ್ಟರೆ, ಅಂದರೆ ಯಾರಾದರೂ ನಿಮಗಾಗಿ ಏನಾದರೂ ಮಾಡಿದರೆ ‘ಮ್‌ಗೋಯ್’. ವಸ್ತು ಕೊಟ್ಟರೆ, ಉಡುಗೊರೆ ಕೊಟ್ಟರೆ, ಊಟ ಹಾಕಿಸಿದರೆ ‘ದೋ ಜೆ’. ಮ್‌ಗೋಯ್ ಇನ್ನೂ ಎರಡು ಕೆಲಸ ಮಾಡುತ್ತದೆ. ವೇಟರ್‌ನ ಕರೆಯೋಕೂ ಅದೇ, ‘ಸ್ವಲ್ಪ ಜಾಗ ಬಿಡಿ’ ಅನ್ನೋಕೂ ಅದೇ. ದಿನಕ್ಕೆ ಐವತ್ತು ಸಲ ಹೇಳಿದರೂ ಯಾರೂ ಬೇಜಾರು ಮಾಡಿಕೊಳ್ಳಲ್ಲ.

ತೊಂದರೆ ಇರುವುದು ಸ್ವರದಲ್ಲಿ. ಕ್ಯಾಂಟೊನೀಸ್‌ನಲ್ಲಿ ಆರು ಸ್ವರ. ಒಂದೇ ಅಕ್ಷರವನ್ನು ಎತ್ತಿ ಹೇಳಿದರೆ ಒಂದು ಅರ್ಥ, ಇಳಿಸಿ ಹೇಳಿದರೆ ಇನ್ನೊಂದು. ಇದರಿಂದ ಆದ ಅನಾಹುತ ಮುಂದೆ ಹೇಳುತ್ತೇನೆ. ಒಂದು ಸಮಾಧಾನ ಏನೆಂದರೆ, ನಮ್ಮ ವರ್ಣಮಾಲೆಯಲ್ಲಿ ಸುಮ್ನೆ ಕೂತಿರುವ ‘ಙ’ಗೆ ಅಲ್ಲಿ ಕೆಲಸ ಸಿಗುತ್ತದೆ. ‘ನಾನು’ ಅನ್ನೋಕೆ ‘ಙೋ’. ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದು ಕೊನೆಗೂ ಉಪಯೋಗಕ್ಕೆ ಬಂತು ಅಂತ ನನಗೆ ಸಿಕ್ಕಾಪಟ್ಟೆ ಖುಷಿ. ಡಚ್ ಗೆಳೆಯ ಮಾತ್ರ ಮೂರು ವಾರವೂ ‘ನೋ’ ಅಂತಲೇ ಇದ್ದ.

ಬೆಳಿಗ್ಗೆ ಏಳಕ್ಕೆ ‘ಯಮ್ ಚಾ’

ಯಮ್ ಅಂದರೆ ಕುಡಿಯೋದು, ಚಾ ಅಂದರೆ ಚಾ. ಮಂಗಳೂರಿನವರಿಗೆ ಭಾಷಾಂತರವೇ ಬೇಡ. ಹೆಸರಿಗೆ ಚಾ ಕುಡಿಯೋದು, ನಿಜಕ್ಕೂ ಆಗೋದು ಎರಡು ಗಂಟೆ ಕೂತು ತಿನ್ನೋದು. ಜೊತೆಗೆ ಬರುವ ಸಣ್ಣ ಸಣ್ಣ ತಿಂಡಿಗಳಿಗೆ ದಿಮ್ ಸಮ್ ಅನ್ನುತ್ತಾರೆ. ಹಳಬರ ಲೆಕ್ಕ ‘ಒಂದು ಬಟ್ಟಲು ಚಾ, ಎರಡು ತಿಂಡಿ’. ಅಷ್ಟು ಇಟ್ಟುಕೊಂಡು ಪೇಪರ್ ಓದುತ್ತಾ ಬೆಳಗ್ಗೆಯೆಲ್ಲಾ ಕಳೆಯುವ ಅಜ್ಜಂದಿರು ಈಗಲೂ ಸಿಗುತ್ತಾರೆ.

ದೊಡ್ಡ ಹೆಸರುಗಳು ಬೇಕಿದ್ದರೆ 1880ರಲ್ಲಿ ಶುರುವಾದ ತಾವೊ ತಾವೊ ಜು ಇದೆ, 1935ರ ಗುವಾಂಗ್‌ಝೌ ರೆಸ್ಟೋರೆಂಟ್ ಇದೆ, ಲಿವಾನ್ ಕೆರೆ ಪಕ್ಕ ತೋಟದೊಳಗೆ ಪಾನ್‌ಶಿ ಇದೆ. ಶನಿವಾರ, ಭಾನುವಾರ ಅಲ್ಲಿ ಚೀಟಿ ತಗೊಂಡು ಕಾಯಬೇಕು. ನನ್ನನ್ನು ಕೇಳಿದರೆ ಒಂದು ಸಲ ಅಂಥ ಕಡೆ ಹೋಗಿ, ಆಮೇಲೆ ನೀವಿರುವ ಬೀದಿಯ ಮಾಮೂಲಿ ಚಾ ಮನೆಗೆ ಹೋಗಿ. ಏಳು ಗಂಟೆಗೆ ಹೋದರೆ ಜಾಗ ಸಿಗುತ್ತದೆ. ಒಂಬತ್ತಕ್ಕೆ ಹೋದರೆ ಬೇರೆಯವರ ಮೇಜಿನಲ್ಲಿ ಕೂರಿಸುತ್ತಾರೆ, ಅದಕ್ಕೆ ‘ದಾಪ್ ತೋಯ್’ ಅಂತಾರೆ. ದರ್ಶಿನಿಯಲ್ಲಿ ಗೊತ್ತಿಲ್ಲದವರ ಜೊತೆ ಒಂದೇ ಮೇಜಿಗೆ ಒರಗಿ ದೋಸೆ ತಿಂದವರಿಗೆ ಇದೇನೂ ದೊಡ್ಡದಲ್ಲ. ಡಚ್ಚನಿಗೆ ಮಾತ್ರ ಮೈಯೆಲ್ಲಾ ಮುಳ್ಳು.

ಕೂತ ಕೂಡಲೇ ಯಾವ ಚಾ ಅಂತ ಕೇಳುತ್ತಾರೆ. ಹಾಲು ಸಕ್ಕರೆಯ ಆಸೆ ಬಿಡಿ. ಕಪ್ಪಗೆ, ಮಣ್ಣಿನ ವಾಸನೆಯ ‘ಪೋ ಲೇ’ ಎಣ್ಣೆ ತಿಂಡಿಗೆ ಸರಿ. ಅದಕ್ಕೆ ಸೇವಂತಿಗೆ ಹೂ ಸೇರಿಸಿದರೆ ‘ಗುಕ್ ಪೋ’. ಮಲ್ಲಿಗೆಯದು ಬೇಕಿದ್ದರೆ ‘ಹ್ಯೋಂಗ್ ಪಿನ್’. ಚಾಗೆ ತಲೆಗಿಷ್ಟು ಅಂತ ಬಿಲ್ಲಿನಲ್ಲಿ ಹಾಕುತ್ತಾರೆ. ನೀವು ಕುಡಿಯಲಿಲ್ಲ ಅಂದರೂ ಅದು ಬೀಳುತ್ತದೆ, ಜಗಳ ಆಡಬೇಡಿ.

ಮೊದಲು ಸುರಿಯುವ ಚಾ ಕುಡಿಯೋಕಲ್ಲ. ಇದನ್ನು ಗಮನಿಸಿ. ಮೇಜಿನ ಮೇಲೆ ಪ್ರತಿಯೊಬ್ಬರಿಗೂ ಒಂದು ಬಟ್ಟಲು, ಒಂದು ಕಪ್ಪು, ಒಂದು ಚಮಚ, ಒಂದು ಜೊತೆ ಕಡ್ಡಿ, ಅಂದರೆ ಚಾಪ್‌ಸ್ಟಿಕ್. ನಡುವೆ ಖಾಲಿ ದೊಡ್ಡ ಬೋಗುಣಿ. ಬಿಸಿ ಬಿಸಿ ಚಾವನ್ನು ಬಟ್ಟಲಿಗೆ ಸುರಿದು, ಕಪ್ಪನ್ನು ಅದರಲ್ಲಿ ಮಗ್ಗುಲಾಗಿ ಮಲಗಿಸಿ ಕಡ್ಡಿಯಿಂದ ಗಿರಗಿರ ತಿರುಗಿಸುತ್ತಾರೆ. ಆಮೇಲೆ ಕಡ್ಡಿಯ ತುದಿ, ಚಮಚ, ಎಲ್ಲದರ ಮೇಲೂ ಸುರಿದು, ಆ ನೀರನ್ನು ಬೋಗುಣಿಗೆ ಚೆಲ್ಲುತ್ತಾರೆ. ಪಾತ್ರೆ ಮೊದಲೇ ತೊಳೆದಿರುತ್ತದೆ, ಆದರೂ ಬಿಡಲ್ಲ. ಹೋಟೆಲಿನಲ್ಲಿ ಬಾಳೆಎಲೆಗೆ ಇನ್ನೊಮ್ಮೆ ನೀರು ಚಿಮುಕಿಸುತ್ತೇವಲ್ಲ, ಹಾಗೇ ಅಂದುಕೊಳ್ಳಿ. ನಮ್ಮ ಗೆಳೆಯ ಇದನ್ನೆಲ್ಲ ನೋಡುತ್ತಾ ಕೂತು, ಪಕ್ಕದವರು ತೊಳೆದು ಚೆಲ್ಲಿದ ಬೋಗುಣಿಯನ್ನು ಸೂಪು ಅಂದುಕೊಂಡು ಚಮಚ ಹಾಕಿದ. ಮೇಜಿನಲ್ಲಿದ್ದ ಅಪರಿಚಿತ ಅಜ್ಜ ಕೈ ಹಿಡಿದು ತಡೆದರು. ಅವರಿಬ್ಬರ ಸ್ನೇಹ ಅಲ್ಲೇ ಶುರುವಾಯಿತು.

ಚಾ ಹಾಕುವಾಗ ನಿಮ್ಮ ಕಪ್ಪಿಗೆ ಕೊನೆಗೆ. ಬೇರೆಯವರಿಗೆಲ್ಲ ಹಾಕಿ ಆಮೇಲೆ ನಿಮಗೆ. ಯಾರಾದರೂ ನಿಮಗೆ ಹಾಕಿದರೆ ಬಾಯಿಬಿಟ್ಟು ಏನೂ ಹೇಳಬೇಕಿಲ್ಲ. ತೋರುಬೆರಳು, ನಡುಬೆರಳು ಎರಡನ್ನೂ ಸ್ವಲ್ಪ ಮಡಚಿ ಮೇಜಿನ ಮೇಲೆ ಎರಡು ಮೂರು ಸಲ ಮೆಲ್ಲಗೆ ತಟ್ಟಿ. ಇದಕ್ಕೊಂದು ಕಥೆ ಹೇಳುತ್ತಾರೆ. ಚಿಯೆನ್‌ಲುಂಗ್ ಚಕ್ರವರ್ತಿ ಮಾರುವೇಷದಲ್ಲಿ ತಿರುಗುವಾಗ ತನ್ನ ಸೇವಕನಿಗೇ ಚಾ ಸುರಿದನಂತೆ. ಅಡ್ಡಬಿದ್ದರೆ ಗುಟ್ಟು ರಟ್ಟಾಗುತ್ತದೆ, ಬೀಳದಿದ್ದರೆ ಅಪಚಾರ. ಸೇವಕ ಬೆರಳು ಮಡಚಿ ಮೇಜಿನ ಮೇಲೆ ಮಂಡಿಯೂರಿಸಿದನಂತೆ. ನಿಜವೋ ಸುಳ್ಳೋ, ಕಥೆ ಚೆನ್ನಾಗಿದೆ. ಚಾ ಖಾಲಿಯಾದರೆ ವೇಟರ್‌ನ ಕೂಗಬೇಡಿ, ಕೆಟಲಿನ ಮುಚ್ಚಳವನ್ನು ಓರೆಯಾಗಿ ಇಟ್ಟುಬಿಡಿ. ಬಂದು ಬಿಸಿನೀರು ತುಂಬಿಸುತ್ತಾರೆ.

ಏನು ತಿನ್ನೋದು, ಏನು ಕೇಳಿ ತಿನ್ನೋದು

ಆರ್ಡರ್ ಈಗ ಹೆಚ್ಚಾಗಿ ಕ್ಯೂಆರ್ ಕೋಡ್‌ನಲ್ಲಿ, ಇಲ್ಲವೇ ಚೀಟಿಯಲ್ಲಿ ಟಿಕ್ ಹಾಕೋದು. ಬೆಲೆ ತಿಂಡಿಯ ದರ್ಜೆಯ ಮೇಲೆ: ಸಣ್ಣದು, ಮಧ್ಯಮ, ದೊಡ್ಡದು, ಸ್ಪೆಷಲ್. ಒಂದೊಂದು ಬಿದಿರ ಬುಟ್ಟಿಯಲ್ಲಿ ಮೂರೋ ನಾಲ್ಕೋ ಇರುತ್ತದೆ, ಹಂಚಿಕೊಂಡು ತಿನ್ನೋಕೆ. ‘ನನಗೊಂದು ನಿನಗೊಂದು’ ಅಂತ ಪ್ರತ್ಯೇಕ ಪ್ಲೇಟ್ ಹೇಳುವ ಊಟ ಇದಲ್ಲ.

ನಾನು ಕೋಳಿ ಮೀನು ತಿನ್ನುತ್ತೇನೆ, ಹಂದಿ ತಿನ್ನಲ್ಲ. ಇದು ಈ ಊರಿನಲ್ಲಿ ಕಷ್ಟದ ವ್ರತ. ‘ಚಾ ಸಿಯು ಬಾವ್’ ಅನ್ನೋ ಬಿಳಿ ಬನ್ನಿನ ಒಳಗೆ ಸಿಹಿ ಹಂದಿ ಮಾಂಸ. ‘ಸಿಯು ಮಾಯ್’ನಲ್ಲಿ ಹಂದಿ, ಸಿಗಡಿ ಎರಡೂ. ‘ಹಾ ಗಾವ್’ ಸಿಗಡಿಯದು, ಹಿಟ್ಟು ಎಷ್ಟು ತೆಳು ಅಂದರೆ ಒಳಗಿನ ಗುಲಾಬಿ ಬಣ್ಣ ಕಾಣುತ್ತದೆ, ಆದರೆ ಮೆತ್ತಗಿರಲಿ ಅಂತ ಅದರಲ್ಲೂ ಒಂದಿಷ್ಟು ಹಂದಿ ಕೊಬ್ಬು ಸೇರಿಸುವ ಪದ್ಧತಿ ಇದೆ. ನಾನು ಮೋಸ ಹೋಗಿದ್ದು ‘ಲೋ ಬಾಕ್ ಗೋ’ದಲ್ಲಿ. ಮೂಲಂಗಿ ತುರಿದು ಅಕ್ಕಿಹಿಟ್ಟಿನ ಜೊತೆ ಹಬೆಯಲ್ಲಿ ಬೇಯಿಸಿ, ಕತ್ತರಿಸಿ, ಕಾವಲಿ ಮೇಲೆ ಕೆಂಪಗೆ ಕಾಯಿಸುತ್ತಾರೆ. ಹೆಸರಲ್ಲೇ ಮೂಲಂಗಿ ಇದೆಯಲ್ಲ, ಇದರಲ್ಲೇನು ಅಂತ ಮೂರು ತುಂಡು ತಿಂದೆ. ನಡುವೆ ಸಿಕ್ಕ ಕೆಂಪು ಚೂರು ಕ್ಯಾರೆಟ್ ಅಂದುಕೊಂಡಿದ್ದೆ. ಅದು ಒಣಗಿಸಿದ ಹಂದಿ ಸಾಸೇಜ್. ತಪ್ಪು ಯಾರದೂ ಅಲ್ಲ, ಕೇಳದೇ ತಿಂದವನದು.

ಆದ್ದರಿಂದ ಈ ಮಾತು ಕಲಿತುಕೊಳ್ಳಿ. ‘ಙೋ ಮ್ ಸಿಕ್ ಜ್ಯೂ ಯುಕ್’: ನಾನು ಹಂದಿ ಮಾಂಸ ತಿನ್ನಲ್ಲ. ಪೂರ್ತಿ ಸಸ್ಯಾಹಾರಿಗಳು ‘ಙೋ ಸಿಕ್ ಜಾಯ್’ ಅನ್ನಿ. ಜಾಯ್ ಅಂದರೆ ಬೌದ್ಧರ ವ್ರತದ ಊಟ. ಚಾಂದ್ರಮಾನದ ತಿಂಗಳಲ್ಲಿ ಒಂದನೇ ದಿನ, ಹದಿನೈದನೇ ದಿನ ಮನೆಯ ಹಿರಿಯರು ಜಾಯ್ ತಿನ್ನುವುದುಂಟು, ನಮ್ಮವರು ಏಕಾದಶಿ ಹಿಡಿದ ಹಾಗೆ. ಕಟ್ಟುನಿಟ್ಟಿನ ಜಾಯ್ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಮಠದ ಊಟದವರಿಗೆ ಹೇಳಿ ಮಾಡಿಸಿದ್ದು. ‘ನಾನು ವೆಜಿಟೇರಿಯನ್’ ಅಂತ ಅನುವಾದಿಸಿ ತೋರಿಸಿದರೆ ಮಾಂಸದ ಚೂರು ತೆಗೆದಿಟ್ಟು ಅದೇ ಪಲ್ಯ ಕೊಟ್ಟಾರು. ಜಾಯ್ ಅಂದರೆ ಇದು ದೇವರ ವಿಷಯ ಅಂತ ಅರ್ಥವಾಗುತ್ತದೆ. ಸೊಪ್ಪಿನ ಮೇಲೆ ಸುರಿಯುವ ಕಪ್ಪು ಗೊಜ್ಜು ಸಿಂಪಿಯದು, ಅದಕ್ಕೆ ‘ಮ್ ಯಿಯು ಹೋ ಯೌ’ ಅಂತ ಹೇಳಿ ಬಿಡಿಸಿಕೊಳ್ಳಿ.

ಎಲ್ಲರಿಗೂ ಹಿಡಿಸುವುದು ‘ಚ್ಯೋಂಗ್ ಫನ್’. ಅಕ್ಕಿಯನ್ನು ನುಣ್ಣಗೆ ರುಬ್ಬಿ ನೀರಾಗಿ ಕಲಸಿ, ತಟ್ಟೆಯಲ್ಲಿ ತೆಳ್ಳಗೆ ಹರಡಿ, ಹಬೆಗಿಟ್ಟು, ಕೆರೆದು ಸುರುಳಿ ಮಾಡಿ ಕೊಡುತ್ತಾರೆ. ಕಣ್ಣುಮುಚ್ಚಿ ಬಾಯಿಗಿಟ್ಟರೆ ನೀರುದೋಸೆಯ ತಂಗಿ. ಒಳಗೆ ಏನೂ ಹಾಕದ ಬರೀ ಸುರುಳಿಗೆ ‘ಜಾಯ್ ಚ್ಯೋಂಗ್’ ಅನ್ನುತ್ತಾರೆ, ಮೇಲೆ ಸೋಯಾ ಸಾಸು, ಎಳ್ಳು. ನಾನು ಮೂರು ವಾರದಲ್ಲಿ ಬಹುಶಃ ಹದಿನೈದು ಸಲ ತಿಂದೆ.

ಕೋಳಿ ಕಾಲಿನ ವಿಷಯ. ಮೇಜಿಗೆ ಬಂದೇ ಬರುತ್ತದೆ. ಡಚ್ಚನ ಮುಖ ನೋಡಬೇಕಿತ್ತು. ಕರಿದು, ನೆನೆಸಿ, ಹಬೆಯಲ್ಲಿ ಬೇಯಿಸಿದ್ದು, ಚರ್ಮ ಬಾಯಲ್ಲಿ ಕರಗುತ್ತದೆ. ಮೂಳೆಯನ್ನು ಬಾಯೊಳಗೇ ಬಿಡಿಸಿ ತಟ್ಟೆಗೆ ಇಳಿಸಬೇಕು. ತಲೆಮಾಂಸ, ಕಾಲು ಸೂಪು ತಿನ್ನುವ ನಮ್ಮವರು ಮುಖ ಸಿಂಡರಿಸುವ ಹಾಗಿಲ್ಲ.

ಯಾರಾದರೂ ಮನೆಗೆ ಕರೆದರೆ

ನಮಗೆ ದುಭಾಷಿಯಾಗಿದ್ದ ಹುಡುಗಿ ಒಂದು ಭಾನುವಾರ ಮನೆಗೆ ಕರೆದಳು. ಲಿವಾನ್ ಕಡೆಯ ಹಳೇ ಮನೆ. ಆ ಬೀದಿಗಳಲ್ಲಿ ಮಹಡಿ ಮುಂದಕ್ಕೆ ಚಾಚಿ ಕೆಳಗೆ ಕಂಬದ ಸಾಲು ಇರುತ್ತದೆ, ಮಳೆ ಬಂದರೂ ಬಿಸಿಲು ಬಂದರೂ ಅಂಗಡಿಯಿಂದ ಅಂಗಡಿಗೆ ನೆರಳಲ್ಲೇ ನಡೆಯಬಹುದು. ಕ್ಯಾಂಟೊನೀಸರು ಸಾಮಾನ್ಯವಾಗಿ ಅತಿಥಿಗಳನ್ನು ಹೋಟೆಲಿಗೇ ಕರೆದೊಯ್ಯುತ್ತಾರೆ, ಮನೆಗೆ ಕರೆದರೆ ಅದು ದೊಡ್ಡ ಮಾತು.

ಬರಿಗೈಯಲ್ಲಿ ಹೋಗಬೇಡಿ, ಇದು ನಮಗೂ ಗೊತ್ತು. ಏನು ಒಯ್ಯಬಾರದು ಅನ್ನೋದೇ ಮುಖ್ಯ. ಡಚ್ ಗೆಳೆಯ ಊರಿಂದಲೇ ಚೆಂದದ ಉಡುಗೊರೆ ತಂದಿದ್ದ, ನೀಲಿ ಬಿಳಿ ಬಣ್ಣದ ಗಾಳಿಯಂತ್ರ ಬಿಡಿಸಿದ ಮೇಜಿನ ಗಡಿಯಾರ. ಟ್ಯಾಕ್ಸಿಯಲ್ಲಿ ಅದನ್ನು ತೋರಿಸಿದ ಕೂಡಲೇ ಹುಡುಗಿ ಬಿಳಿಚಿಕೊಂಡಳು. ಗಡಿಯಾರ ಕೊಡೋದು ಅನ್ನೋ ಮಾತೂ, ಸಾಯುವ ಹಿರಿಯರ ಹತ್ತಿರ ಕೊನೆಗಳಿಗೆಯಲ್ಲಿ ಇರೋದು ಅನ್ನೋ ಮಾತೂ ಅವರ ಭಾಷೆಯಲ್ಲಿ ಒಂದೇ ಥರ ಕೇಳುತ್ತವೆ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜ ಬೇರೆ. ಅವಳು ಪರ್ಸಿನಿಂದ ಒಂದು ಯುವಾನ್ ನಾಣ್ಯ ತೆಗೆದು ಅವನ ಕೈಗಿಟ್ಟು, ‘ಇದನ್ನು ನಾನು ಕೊಂಡುಕೊಂಡೆ’ ಅಂದಳು. ಕೊಂಡರೆ ಅದು ಉಡುಗೊರೆಯಲ್ಲ, ದೋಷವೂ ಇಲ್ಲ. ಆಮೇಲೆ ದಾರಿಯಲ್ಲಿ ನಿಲ್ಲಿಸಿ ಕಿತ್ತಳೆ ಕೊಂಡೆವು. ಅದಕ್ಕೆ ‘ಗಮ್’ ಅನ್ನುತ್ತಾರೆ, ಚಿನ್ನಕ್ಕೂ ಗಮ್. ನಾಲ್ಕು ಮಾತ್ರ ಬೇಡ, ನಾಲ್ಕು ಅನ್ನೋದು ಸಾವಿನ ಹಾಗೆ ಕೇಳುತ್ತದೆ. ನಾವು ಎಂಟು ಕೊಂಡೆವು. ಎರಡೂ ಕೈಯಿಂದ ಕೊಡಿ, ನಿಮ್ಮೆದುರು ಬಿಚ್ಚಿ ನೋಡಲಿಲ್ಲ ಅಂತ ಬೇಜಾರಾಗಬೇಡಿ, ಹೊರಡುವಾಗ ಅದರಲ್ಲೇ ಒಂದೆರಡು ಹಣ್ಣು ವಾಪಸ್ ಕೊಟ್ಟರೆ ತಗೊಳ್ಳಿ. ನಮ್ಮಲ್ಲಿ ಡಬ್ಬಿ ಖಾಲಿ ಕಳಿಸಲ್ಲ, ಅಲ್ವಾ?

ಬಾಗಿಲಲ್ಲಿ ಚಪ್ಪಲಿ ಬಿಡಿ. ಹೊಸ್ತಿಲ ಪಕ್ಕ ನೆಲದ ಮಟ್ಟದಲ್ಲಿ ಪುಟ್ಟ ಕೆಂಪು ಗೂಡು, ಮುಂದೆ ಊದಿನಕಡ್ಡಿ ಇದ್ದರೆ ಅದು ಆ ಮನೆಯ ಭೂಮಿದೇವರು. ಅಲ್ಲೇ ಚಪ್ಪಲಿ ಬಿಡಬೇಡಿ.

ಒಳಗೆ ಹೋದ ಮೇಲೆ ಒಬ್ಬೊಬ್ಬರನ್ನೂ ಸಂಬಂಧ ಹಿಡಿದು ಮಾತಾಡಿಸಬೇಕು. ಅಪ್ಪನ ಅಣ್ಣ ‘ಬಾಕ್ ಫು’, ಅಪ್ಪನ ತಮ್ಮ ‘ಸುಕ್ ಸುಕ್’, ಅಮ್ಮನ ತಮ್ಮ ಅಥವಾ ಅಣ್ಣ ‘ಕೌ ಫು’. ಡಚ್ಚನಿಗೆ ಇವರೆಲ್ಲ ಒಂದೇ, ಅಂಕಲ್. ನನಗೆ ಅರ್ಧ ನಿಮಿಷದಲ್ಲಿ ಕೂತುಬಿಟ್ಟಿತು: ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ. ಅಜ್ಜ ಅಜ್ಜಿಯರಲ್ಲಿ ಮಾತ್ರ ಅವರು ನಮಗಿಂತ ಒಂದು ಹೆಜ್ಜೆ ಮುಂದೆ. ಅಪ್ಪನ ಅಪ್ಪ ಅಮ್ಮ ‘ಯೇ ಯೇ’, ‘ಮಾ ಮಾ’. ಅಮ್ಮನ ಕಡೆಯವರು ‘ಗುಂಗ್ ಗುಂಗ್’, ‘ಪೋ ಪೋ’. ಅನಾಹುತ ಅಂದಿದ್ದೆನಲ್ಲ, ಅದು ಇಲ್ಲಿ. ಅಮ್ಮನಿಗೂ ಮಾಮಾ, ಅಜ್ಜಿಗೂ ಮಾಮಾ. ವ್ಯತ್ಯಾಸ ಬರೀ ಸ್ವರದ್ದು, ಅಜ್ಜಿಯದು ತಗ್ಗಿನಲ್ಲಿ, ಅಮ್ಮನದು ಎತ್ತರಕ್ಕೆ. ಗೆಳೆಯ ಐವತ್ತರ ಆಸುಪಾಸಿನ ತಾಯಿಯನ್ನು ತಗ್ಗಿನ ಸ್ವರದಲ್ಲಿ ಕರೆದ. ಎರಡು ಕ್ಷಣ ಮೌನ. ಆಮೇಲೆ ಅಜ್ಜಿಯೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದು. ಗೊತ್ತಾಗದಿದ್ದರೆ ಸುಮ್ನೆ ನಕ್ಕು ತಲೆಬಾಗಿ, ಸಾಕು.

ಮೇಜಿನಲ್ಲಿ

ಬಡಿಸಿದ ಕೂಡಲೇ ಕೈ ಹಾಕಬೇಡಿ. ಮನೆಯ ಚಿಕ್ಕವರು ಹಿರಿಯರನ್ನು ಒಬ್ಬೊಬ್ಬರಾಗಿ ಕರೆಯುತ್ತಾರೆ, ‘ಯೇ ಯೇ ಸಿಕ್ ಫಾನ್, ಮಾ ಮಾ ಸಿಕ್ ಫಾನ್’, ಅಜ್ಜ ಊಟ ಮಾಡಿ, ಅಜ್ಜಿ ಊಟ ಮಾಡಿ. ಅಜ್ಜ ಕಡ್ಡಿ ಎತ್ತಿದ ಮೇಲೆ ಉಳಿದವರು.

ಮೊದಲು ಬರುವುದು ಸೂಪು. ‘ಲೋ ಫೋ ತೋಂಗ್’, ಸಣ್ಣ ಉರಿಯಲ್ಲಿ ಎರಡು ಮೂರು ಗಂಟೆ ಕುದ್ದಿದ್ದು. ನಾನು ಹಂದಿ ತಿನ್ನಲ್ಲ ಅಂತ ಮೊದಲೇ ಹೇಳಿದ್ದರಿಂದ ಅವತ್ತು ಕೋಳಿ ಹಾಕಿದ್ದರು, ಜೊತೆಗೆ ಕೆಂಪು ಖರ್ಜೂರದಂಥ ಹಣ್ಣು, ಒಣಗಿಸಿದ ಕಿತ್ತಳೆ ಸಿಪ್ಪೆ. ಆ ಸಿಪ್ಪೆ ಎಷ್ಟು ಹಳೆಯದೋ ಅಷ್ಟು ಬೆಲೆ, ಹತ್ತಿರದ ಶಿನ್‌ಹುಯ್‌ನದು ಹೆಸರುವಾಸಿ. ಅಜ್ಜಿ ಮಣ್ಣಿನ ಮಡಕೆಯ ಮುಚ್ಚಳ ತೆಗೆದು, ಮೇಲೆ ತೇಲುವ ಜಿಡ್ಡನ್ನು ಸೌಟಿನ ಬೆನ್ನಿನಿಂದ ಆಚೆ ತಳ್ಳಿ, ಕೆಳಗಿನ ತಿಳಿಯನ್ನು ಮಾತ್ರ ಬಟ್ಟಲಿಗೆ ಹಾಕಿದರು. ಬೆಂದ ಕೋಳಿ, ಬೇರು ಎಲ್ಲ ಬೇರೆ ತಟ್ಟೆಗೆ, ಪಕ್ಕದಲ್ಲಿ ಸೋಯಾ ಸಾಸು. ಡಚ್ಚ ಸೂಪಿಗೆ ಉಪ್ಪು, ಮೆಣಸಿನ ಪುಡಿ ಕೇಳಿದ. ಹುಡುಗಿ ಅದನ್ನು ಅನುವಾದಿಸಲೇ ಇಲ್ಲ. ಅಲ್ಲಿ ಮಕ್ಕಳಿಗೆ ಅಮ್ಮಂದಿರು ಫೋನ್ ಮಾಡಿ ‘ಊಟಕ್ಕೆ ಬಾ’ ಅನ್ನೋದಕ್ಕಿಂತ ‘ಸೂಪು ಕುಡಿಯೋಕೆ ಬಾ’ ಅನ್ನೋದೇ ಜಾಸ್ತಿಯಂತೆ.

‘ಮೋ ಗೈ ಬತ್ ಸಿಂಗ್ ಯಿನ್’ ಅನ್ನೋ ಗಾದೆ ಇದೆ, ಕೋಳಿ ಇಲ್ಲದ ಔತಣ ಔತಣವಲ್ಲ. ಬರುವುದು ‘ಬಾಕ್ ಚಿತ್ ಗೈ’. ಇಡೀ ಕೋಳಿಯನ್ನು ಕುದಿಯದ, ಆದರೆ ಚೆನ್ನಾಗಿ ಬಿಸಿಯಿರುವ ನೀರಿನಲ್ಲಿ ಬೇಯಿಸಿ, ತಣ್ಣೀರಿಗೆ ಹಾಕಿ ಕತ್ತರಿಸುತ್ತಾರೆ. ಮಸಾಲೆ ಇಲ್ಲ, ಶುಂಠಿ, ಈರುಳ್ಳಿ ಸೊಪ್ಪಿನ ಎಣ್ಣೆಯಲ್ಲಿ ಅದ್ದಿ ತಿನ್ನೋದು. ಮೂಳೆಯ ಹತ್ತಿರ ಕೆಂಪು ಕಂಡರೆ ಹಸಿ ಅಂತ ಗಾಬರಿಯಾಗಬೇಡಿ, ಅವರಿಗೆ ಅದೇ ಹದ. ನಾಟಿಕೋಳಿ ಸಾರಿನ ಖಾರಕ್ಕೆ ಒಗ್ಗಿದ ನನಗೆ ಮೊದಲ ತುತ್ತು ಸಪ್ಪೆ ಅನಿಸಿತು. ಮೂರನೇ ತುತ್ತಿಗೆ ಕೋಳಿಗೂ ಒಂದು ರುಚಿ ಇದೆ ಅಂತ ಗೊತ್ತಾಯಿತು.

ಮೀನು ಇಡಿಯಾಗಿ ಬರುತ್ತದೆ, ತಲೆ ಅತಿಥಿಯ ಕಡೆಗೆ. ಒಂದು ಬದಿ ಮುಗಿದ ಮೇಲೆ ಮಗುಚಬೇಡಿ. ಮೀನು ಮಗುಚಿದರೆ ದೋಣಿ ಮಗುಚಿದ ಹಾಗೆ. ನಡುಮೂಳೆ ಎತ್ತಿ ಕೆಳಗಿನದನ್ನು ತಿನ್ನಿ. ಕಡ್ಡಿಯನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ಇಡಬೇಡಿ, ಅದು ಸತ್ತವರಿಗೆ ಇಡುವ ಊದಿನಕಡ್ಡಿಯ ಹಾಗೆ ಕಾಣುತ್ತದೆ. ಶ್ರಾದ್ಧದ ದಿನ ಎಲೆ ತಿರುಗಿಸಿ ಹಾಕುವ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅನ್ನದ ಬಟ್ಟಲನ್ನು ಕೈಯಲ್ಲಿ ಎತ್ತಿ ಬಾಯಿಯ ಹತ್ತಿರ ತಂದು ತಿನ್ನೋದು ಅಲ್ಲಿ ಸರಿಯಾದ ಕ್ರಮ, ಮೇಜಿನ ಮೇಲೇ ಬಿಟ್ಟು ಬಗ್ಗಿ ತಿನ್ನೋದು ತಪ್ಪು.

ಬೇಡ ಬೇಡ ಅಂದರೂ ಬಟ್ಟಲಿಗೆ ಹಾಕುತ್ತಲೇ ಇರುತ್ತಾರೆ. ಉಪಾಯ ಹೇಳುತ್ತೇನೆ, ಕೊನೆಯ ಒಂದು ತುಂಡು ಬಟ್ಟಲಲ್ಲೇ ಇಟ್ಟುಕೊಂಡಿರಿ. ಖಾಲಿ ಕಂಡರೆ ಮುಗಿಯಿತು ನಿಮ್ಮ ಕಥೆ. ಹೋಟೆಲಿಗೆ ಹೋದಾಗ ಬಿಲ್ಲಿಗೆ ಕಿತ್ತಾಟ ಇದ್ದೇ ಇರುತ್ತದೆ. ‘ಭಾಗ ಮಾಡೋಣ’ ಅಂತ ಹಿರಿಯರ ಎದುರು ಅನ್ನಬೇಡಿ. ನೀವೇ ಕೊಡಬೇಕು ಅಂತಿದ್ದರೆ ಟಾಯ್ಲೆಟ್ಟಿಗೆ ಹೋಗುವ ನೆಪದಲ್ಲಿ ಎದ್ದು ಕೌಂಟರಿನಲ್ಲಿ ಮುಗಿಸಿ ಬನ್ನಿ.

ಉಷ್ಣ, ತಂಪು

ಎರಡನೇ ವಾರ ಗೆಳೆಯನ ಬಾಯಲ್ಲಿ ಹುಣ್ಣು. ಕರಿದಿದ್ದು, ಚಿಪ್ಸು ಜಾಸ್ತಿ ತಿಂದಿದ್ದ. ಅವನು ವಿಟಮಿನ್ ಹುಡುಕಿದ. ಅಜ್ಜಿ ಹುಡುಗಿಯ ಫೋನಿನಲ್ಲಿ ಒಂದೇ ಮಾತು ಹೇಳಿದರು, ‘ಯಿತ್ ಹೇಯ್’. ಹುಡುಗಿ ಇಂಗ್ಲಿಷಿನಲ್ಲಿ ಅದನ್ನು ವಿವರಿಸೋಕೆ ಐದು ನಿಮಿಷ ಒದ್ದಾಡಿದಳು, ಬಿಸಿ ಗಾಳಿ ಅಂದಳು, ಜ್ವರ ಅಲ್ಲ ಅಂದಳು. ನಾನು ಕನ್ನಡದಲ್ಲಿ ಒಂದೇ ಪದಕ್ಕೆ ಮುಗಿಸಿದೆ: ಉಷ್ಣ. ಲಿಚಿ ಹಣ್ಣಿಗೆ ಅವರಲ್ಲೊಂದು ಮಾತಿದೆ, ಒಂದು ತುತ್ತು ಲಿಚಿ ಮೂರು ಪಂಜು ಬೆಂಕಿ. ಮಾವಿನಹಣ್ಣು ತಿಂದ ಮೇಲೆ ಹಾಲು ಕುಡಿ ಅನ್ನುವ ನಮ್ಮಜ್ಜಿ ಇದನ್ನು ಕೇಳಿದ್ದರೆ ಒಪ್ಪುತ್ತಿದ್ದರು.

ಮದ್ದು ‘ಲ್ಯೋಂಗ್ ಚಾ’, ತಂಪು ಚಾ. ಬೀದಿ ಬೀದಿಯಲ್ಲಿ ಇದರ ಅಂಗಡಿ ಇದೆ. 1828ರಲ್ಲಿ ಶುರುವಾದ ವೋಂಗ್ ಲೋ ಕಾತ್ ಈಗ ಸಿಹಿ ಡಬ್ಬಿಯಲ್ಲೂ ಸಿಗುತ್ತದೆ, ಅದು ಬರೀ ಶರಬತ್ತು. ಅಸಲಿ ಬೇಕಿದ್ದರೆ ‘ಇಪ್ಪತ್ನಾಲ್ಕು ರುಚಿ’ ಅನ್ನೋ ಹೆಸರಿನ ಕಪ್ಪು ಕಷಾಯ ಕೇಳಿ. ಇಪ್ಪತ್ನಾಲ್ಕೂ ಕಹಿಯೇ. ಚಿಕ್ಕಂದಿನಲ್ಲಿ ನೆಲಬೇವಿನ ಕಷಾಯ ಕುಡಿದವನು ನಾನು, ಗಟಗಟ ಮುಗಿಸಿದೆ. ಡಚ್ಚ ಅರ್ಧಕ್ಕೇ ಗೋಡೆ ಹಿಡಿದು ನಿಂತ.

ಬಾಯಿ ಕಹಿ ಕಳೆಯೋಕೆ ‘ಗ್ಯೋಂಗ್ ಜೋಂಗ್ ನಾಯ್’ ತಿನ್ನಿ. ಬಟ್ಟಲಲ್ಲಿ ಶುಂಠಿ ರಸ ಇಟ್ಟು, ಬಿಸಿ ಎಮ್ಮೆ ಹಾಲನ್ನು ಒಂದೇ ಸಲ ಮೇಲಿಂದ ಸುರಿಯುತ್ತಾರೆ. ಕಲಕಬಾರದು, ಅಲ್ಲಾಡಿಸಬಾರದು. ಕೆಲವೇ ನಿಮಿಷದಲ್ಲಿ ಹೆಪ್ಪಾಗುತ್ತದೆ. ಚಮಚ ಮೇಲಿಟ್ಟರೆ ಮುಳುಗಬಾರದು, ಅದೇ ಪರೀಕ್ಷೆ. ನನಗಂತೂ ಅದು ಏಲಕ್ಕಿ ಬಿಟ್ಟು ಶುಂಠಿ ಹಾಕಿದ ಗಿಣ್ಣು.

ಚೀನೀ ಹೊಸ ವರ್ಷಕ್ಕೆ ಹೋಗುವವರಿಗೆ ಒಂದು ಮಾತು. ಮದುವೆಯಾದವರು ಮದುವೆಯಾಗದವರಿಗೆ ಕೆಂಪು ಲಕೋಟೆಯಲ್ಲಿ ದುಡ್ಡು ಕೊಡಬೇಕು, ‘ಲೈ ಸಿ’. ಈ ಊರಿರುವ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಐದು, ಹತ್ತು ಯುವಾನ್ ಇದ್ದರೂ ನಡೆಯುತ್ತದೆ, ಶಕುನಕ್ಕೆ ಕೊಡೋದು. ಮದುವೆಯಾಗಿದ್ದರೆ ಜೇಬಲ್ಲಿ ಒಂದು ಕಂತೆ ಇಟ್ಟುಕೊಂಡಿರಿ.

ಹೊರಡುವಾಗ

ಬೀಳ್ಕೊಡುವಾಗ ‘ದಕ್ ಹಾನ್ ಯಮ್ ಚಾ’ ಅನ್ನುತ್ತಾರೆ. ಬಿಡುವಾದಾಗ ಚಾ ಕುಡಿಯೋಣ. ನಮ್ಮ ‘ಒಂದ್ಸಲ ಮನೆ ಕಡೆ ಬನ್ನಿ’ ಇದ್ದ ಹಾಗೆ. ‘ಆಯ್ತು, ಖಂಡಿತ’ ಅಂತ ತಲೆಯಾಡಿಸಿ ಹೊರಡಬೇಕು. ಇದನ್ನು ನಾನು ಗೆಳೆಯನಿಗೆ ಹೇಳೋಕೆ ಮರೆತಿದ್ದೆ. ಆ ಭಾನುವಾರ ಬಾಗಿಲಲ್ಲಿ ಹುಡುಗಿಯ ಅಜ್ಜ ಹಾಗೆ ಅಂದಾಗ ಅವನು ಫೋನಿನಲ್ಲಿ ಕ್ಯಾಲೆಂಡರ್ ತೆಗೆದು, ‘ಶನಿವಾರ ನಾನು ಬಿಡುವು, ಎಷ್ಟು ಗಂಟೆಗೆ?’ ಅಂತ ಕೇಳಿದ. ಹುಡುಗಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅಜ್ಜ ಸ್ವಲ್ಪ ಹೊತ್ತು ಯೋಚಿಸಿ ಏಳು ಬೆರಳು ತೋರಿಸಿದರು.

ಶನಿವಾರ ಏಳಕ್ಕೆ ಐದು ನಿಮಿಷ ಇರುವಾಗ ನಾವು ಹೋದೆವು. ಅಜ್ಜ ಆಗಲೇ ಕಿಟಕಿ ಪಕ್ಕದ ಮೇಜು ಹಿಡಿದು ಕೂತಿದ್ದರು. ಮೂರು ಬಟ್ಟಲು, ಮೂರು ಕಪ್ಪು ತೊಳೆದಿಟ್ಟಾಗಿತ್ತು. ತೊಳೆದ ನೀರಿನ ಬೋಗುಣಿಯನ್ನು ಮಾತ್ರ ಡಚ್ಚನ ಕೈಗೆ ಎಟುಕದ ಹಾಗೆ ಮೇಜಿನ ಆ ತುದಿಗೆ ಸರಿಸಿದ್ದರು.